ಇನ್ನೊಂದು ಗೇಣು

ನಮ್ಮ ಬೀದಿಯ ಮಳೆಮಾಮ ಯಾವುದನ್ನೂ ನಿಂತ ನಿಲುವಿನಲ್ಲಿ ನೋಡಿದವರಲ್ಲ. ಆರಡಿ ದಾಟಿದ ಆಳು. ಒಲೆಯ ಮೇಲಿನ ಹಾಲಿರಲಿ, ಅಂಗಡಿಯ ತಕ್ಕಡಿಯಿರಲಿ, ಎದುರು ಬಂದ ಮೂರು ವರ್ಷದ ಮಗುವಿರಲಿ, ಮೊದಲು ಮೊಣಕಾಲು ಮಡಿಸಿ, ಕಣ್ಣನ್ನು ಅದರ ಮಟ್ಟಕ್ಕೆ ಇಳಿಸಿ, ಉಸಿರು ಹಿಡಿದು ನೋಡಿ, ಆಮೇಲೆ ಮಾತು. ಮೇಲಿನಿಂದ ಓದಿದರೆ ಉಷ್ಣಮಾಪಕ ಒಂದು ಗೆರೆ ಸುಳ್ಳು ಹೇಳುತ್ತದಂತೆ. ಆ ಒಂದು ಗೆರೆಗಾಗಿ ಮೂವತ್ತು ವರ್ಷ ಬಾಗಿ ಬಾಗಿ, ಬೂದುಬಣ್ಣದ ಹಳೆಯ ಕೋಟಿನೊಳಗೆ ಅವರ ನಡಿಗೆಯೇ ಅರ್ಧ ಕುಳಿತ ನಡಿಗೆಯಾಗಿತ್ತು.

ಅವರು ಹವಾಮಾನ ಇಲಾಖೆಯ ವೀಕ್ಷಕರು. ಮನೆಯ ಪಕ್ಕದ ಬೇಲಿಯೊಳಗೆ ಅವರ ಪ್ರಪಂಚ: ಮಳೆ ಅಳೆಯುವ ಡಬ್ಬಿ, ಗಾಳಿಯ ವೇಗ ಹೇಳಲು ತಿರುಗುವ ಮೂರು ಬಟ್ಟಲು, ಮಣ್ಣಿನಲ್ಲಿ ಹೂತ ಉಷ್ಣಮಾಪಕ, ಎಷ್ಟು ನೀರು ಆವಿಯಾಯಿತೆಂದು ನೋಡಲು ಅಗಲವಾದೊಂದು ತೊಟ್ಟಿ. ಇಷ್ಟೆಲ್ಲ ಇದ್ದೂ ನಾಳೆ ಮಳೆ ಬರುತ್ತದೆಯೇ ಎಂದು ಕೇಳಿದರೆ, "ನಿನ್ನೇದು ಕೇಳು, ಹೇಳ್ತೀನಿ" ಎನ್ನುವ ಮಹಾನುಭಾವ. ಮಳೆಮಾಮ ಎಂಬ ಹೆಸರು ಬಂದದ್ದು ಶುದ್ಧ ಕುಚೋದ್ಯದಿಂದ. ಅವರ ಹೆಂಡತಿ, ನಮಗೆಲ್ಲ ಅತ್ತೆ, ಬಟ್ಟೆ ಒಣಹಾಕುತ್ತಿದ್ದುದು ಆಕಾಶ ನೋಡಿಯೇ ಹೊರತು ಗಂಡನನ್ನು ಕೇಳಿ ಅಲ್ಲ.

ಬೆಳಗ್ಗೆ ಎಂಟೂವರೆಗೆ ಮಾಮ ಬೇಲಿಯೊಳಗಿಂದ ಅಂಕಿಗಳನ್ನು ಕೂಗುವುದು, ಅತ್ತೆ ಜಗಲಿಯಲ್ಲಿ ಕುಳಿತು "ಹೂಂ" ಎಂದು ಬರೆದುಕೊಳ್ಳುವುದು, ಇದು ಆ ಮನೆಯ ಸುಪ್ರಭಾತ. ಅತ್ತೆ ತೀರಿಕೊಂಡ ಮೇಲೆ ಅವರ ಪೆನ್ಸಿಲ್ಲನ್ನು ಮಾಮ ದಾರ ಕಟ್ಟಿ ತಮ್ಮ ಕೋಟಿನ ಗುಂಡಿಗೆ ತೂಗಿಬಿಟ್ಟರು. ಪುಸ್ತಕ ಮಾತ್ರ ಜಗಲಿಯ ಅದೇ ಜಾಗದಲ್ಲಿ ಉಳಿಯಿತು. ಕೂಗುವುದನ್ನೂ ಬಿಡಲಿಲ್ಲ. ಕೂಗಿ, ಒಂದು "ಹೂಂ"ಗೆ ಬೇಕಾಗುವಷ್ಟು ಹೊತ್ತು ಕಾದು, ಆಮೇಲೆ ತಾವೇ ನಡೆದುಬಂದು ಬರೆಯುವರು. ಎದುರುಮನೆಯ ನಾನು ಕೆಲಸಕ್ಕೆ ಹೊರಡುತ್ತ ದಿನವೂ ಕೇಳುತ್ತಿದ್ದೆ, ಸಂಕಟಪಡುತ್ತಿದ್ದೆ. ಒಂದು ದಿನವಾದರೂ ಹೋಗಿ ಆ ಜಗಲಿಯಲ್ಲಿ ಕೂರಬೇಕೆಂದು ಮಾತ್ರ ಈ ಮಂಕುತಲೆಗೆ ಹೊಳೆಯಲಿಲ್ಲ.

ಬೇಲಿಯ ಅಂಚಿನಲ್ಲಿ ಅತ್ತೆ ನೆಟ್ಟ ಬೇವಿನ ಮರವೊಂದಿತ್ತು. ಅದು ಎತ್ತರವಾದರೆ ಬಟ್ಟಲುಗಳಿಗೆ ಗಾಳಿ ತಪ್ಪುತ್ತದೆಂದು ಮಾಮ ವರ್ಷಕ್ಕೊಮ್ಮೆ ಅದರ ನೆತ್ತಿ ಸವರುತ್ತಿದ್ದರು, ವರ್ಷಕ್ಕೊಮ್ಮೆ ಜಗಳವೂ ಆಗುತ್ತಿತ್ತು. "ಇನ್ನೊಂದು ಗೇಣು ಬಿಡೀಂದ್ರೆ" ಎಂದು ಅತ್ತೆ. ಅಳತೆ ಅಳತೆಯೇ ಎಂದು ಮಾಮ. ಅತ್ತೆ ತೀರಿಕೊಂಡ ವರ್ಷ ಮಾಮ ಕತ್ತಿ ಮುಟ್ಟಲಿಲ್ಲ. ಮರುವರ್ಷವೂ ಇಲ್ಲ. ಲೋಕದಲ್ಲಿ ಯಾರಿಗೂ ಒಂದು ಗೆರೆಯ ರಿಯಾಯಿತಿ ಕೊಡದ ಮನುಷ್ಯ ಒಂಬತ್ತು ವರ್ಷ ಆ ಬೇವಿಗೆ ಗೇಣಿನ ಮೇಲೆ ಗೇಣು ಬಿಟ್ಟುಕೊಟ್ಟರು.

ಮರವೇನು ಸುಮ್ಮನೆ ನಿಲ್ಲುತ್ತದೆಯೇ? ಬೇರು ನೆಲದಾಳದ ನೀರನ್ನೆಳೆದು ಎಲೆಯಿಂದ ಗಾಳಿಗೆ ಬಿಟ್ಟಿತು, ನೆರಳು ಮಣ್ಣನ್ನು ತಣಿಸಿತು, ಕೊಂಬೆಗಳು ಗಾಳಿಯನ್ನು ತಡೆದವು, ಗಾಳಿ ನಿಧಾನವಾದಂತೆ ತೊಟ್ಟಿಯ ನೀರು ಆರುವುದೂ ನಿಧಾನವಾಯಿತು. ಮಾಮನೇ ಹಿಂದೊಮ್ಮೆ ನನಗೆ ಹೇಳಿದ್ದರು: ಕಡಲು, ಮೋಡ, ಮಣ್ಣು, ಎಲೆ ಎಲ್ಲವೂ ಒಂದೇ ಸೂರಿನ ಕೂಡುಕುಟುಂಬ, ಒಬ್ಬರು ಕೆಮ್ಮಿದರೆ ಉಳಿದವರಿಗೆ ನಿದ್ದೆಯಿಲ್ಲ. ಹಾಗೆ ಹೇಳಿ ತಮ್ಮ ಖಾಲಿ ಮನೆಯ ಬೀಗ ತೆಗೆದು ಒಳಗೆ ಹೋಗಿದ್ದರು.

ಹೀಗಿರಲು ಕೇಂದ್ರ ಕಚೇರಿಯಿಂದ ಕಾಗದ ಬಂತು. ನಿಮ್ಮ ಊರಿನಲ್ಲಿ ಒಂಬತ್ತು ವರ್ಷಗಳಿಂದ ಗಾಳಿ ಕುಗ್ಗುತ್ತಿರುವುದು ಮಹತ್ವದ ಸಂಗತಿ, ನಿಮ್ಮ ದಾಖಲೆಯನ್ನು ಅಧ್ಯಯನಕ್ಕೆ ಆರಿಸಿದ್ದೇವೆ, ಅಭಿನಂದನೆಗಳು ಎಂದು. ಮೂರನೆಯ ದಿನ ಮಾಮ ನಾನು ಕೆಲಸ ಮಾಡುವ ಅಂಚೆ ಕಚೇರಿಗೆ ರಿಜಿಸ್ಟರ್ ಮಾಡಬೇಕಾದ ಲಕೋಟೆ ಹಿಡಿದು ಬಂದರು. ಕುಗ್ಗಿದ್ದು ಗಾಳಿಯಲ್ಲ, ಬೆಳೆದದ್ದು ನನ್ನ ಮರ ಎಂದು ಬರೆದಿದ್ದೇನೆ ಎಂದರು. ನನಗೆ ರೇಗಿಹೋಯಿತು. ಇರುವ ಒಂದು ಮರಕ್ಕೂ ತಾವೇ ಕೊಡಲಿ ತರುವ ಈ ಹಟಕ್ಕೆ ಏನೆನ್ನುವುದು?

"ಯಾಕೆ ಬೇಕಿತ್ತು ಮಾಮ? ಯಾರಿಗೆ ಗೊತ್ತಾಗ್ತಿತ್ತು?" ಎಂದೆ.

ಮಾಮ ಮೊಣಕಾಲು ಮಡಿಸಿ ಕಿಟಕಿಯ ಕಂಡಿಗೆ ಕಣ್ಣು ತಂದರು.

"ಗಾಳಿ ಕಮ್ಮಿಯಾಗಿರೋದು ನಮ್ಮನೇಲಿ ಕಣಪ್ಪ. ಅದನ್ನ ಇಡೀ ಊರಿನ ಮೇಲೆ ಬರೆದುಬಿಟ್ಟಿದೀನಿ. ಮುದ್ರೆ ಹಾಕು."

ಹಾಕಿದೆ. ಆ ಕೈಯನ್ನು ಈಗಲೂ ಶಪಿಸಿಕೊಳ್ಳುತ್ತೇನೆ.

ಉತ್ತರ ಚುಟುಕಾಗಿತ್ತು. ಒಂಬತ್ತು ವರ್ಷಗಳ ಅಂಕಿಗಳನ್ನು ಹೊಡೆದುಹಾಕಲಾಗಿದೆ, ಮರ ತೆಗೆಸತಕ್ಕದ್ದು. ಮರ ಕಡಿಯುವವನು ಒಂದು ಭಾನುವಾರ ಬಂದ. ಕೊಂಬೆ ಇಳಿಸಿ, ಕಾಂಡ ಕೆಡವಿ, ಉಳಿದ ಬೊಡ್ಡೆಯನ್ನು ನೆಲಸಮ ಮಾಡಲು ಗರಗಸ ಇಟ್ಟಾಗ, ಮಾಮ ಮೊಣಕಾಲು ಮಡಿಸಿ ಅವನ ಪಕ್ಕ ಕುಳಿತರು. ಗರಗಸದ ಮೇಲೆ ಕೈಯಿಟ್ಟು, "ಇನ್ನೊಂದು ಗೇಣು ಬಿಡಪ್ಪ" ಎಂದರು.

ಮರುದಿನ ಎಂಟೂವರೆಗೆ ಬಟ್ಟಲುಗಳು ಗಿರಗಿರನೆ ತಿರುಗುತ್ತಿದ್ದವು. ಮಾಮ ಅಂಕಿ ಕೂಗಿದರು, ಕಾದರು. ನಾನು ಚೀಲವನ್ನು ಬಾಗಿಲಲ್ಲೇ ಇಟ್ಟು ಬೀದಿ ದಾಟಿ, ಜಗಲಿಯ ಮೇಲೆ ಕುಳಿತು, ಪುಸ್ತಕ ಬಿಡಿಸಿ, ಜೇಬಿನ ಪೆನ್ನು ತೆಗೆದು, "ಹೂಂ" ಎಂದೆ. ಅವರು ತಿರುಗಿ ನೋಡಲಿಲ್ಲ. ಮುಂದಿನ ಅಂಕಿ ಬರುವುದು ಮಾತ್ರ ತುಸು ತಡವಾಯಿತು. ಷರಾ ಕಾಲಮಿನಲ್ಲಿ ಅವರು ಬರೆಸಿದ್ದು ಎರಡೇ ಮಾತು: ಮರ ತೆಗೆಯಲಾಗಿದೆ. ಗಾಳಿ ಎಂದಿನಂತೆ.

ಲೋಕದ ಬಿಸಿಲು, ಮಳೆ, ಗಾಳಿಗಳ ಸತ್ಯ ಇಂಥ ಒಂಟಿ ಮನುಷ್ಯರ ಕೈಯಲ್ಲಿ ಕ್ಷೇಮವಾಗಿದೆ. ಯಾವುದು ಯಾವುದನ್ನು ಅಲುಗಿಸಿತೆಂದು ಅವರು ಗೆರೆ ತಪ್ಪದೆ ಬರೆದಿಡುತ್ತಾರೆ. ಅವರನ್ನು ಅಲುಗಿಸಿದ್ದನ್ನು ಬರೆಯಲು ಮಾತ್ರ ಆ ಪುಸ್ತಕದಲ್ಲಿ ಕಾಲಮಿಲ್ಲ. ಅದು ಬೇಲಿಯ ಅಂಚಿನಲ್ಲಿ, ನೆಲದಿಂದ ಒಂದು ಗೇಣು ಮೇಲೆ, ನಿಂತಿರುತ್ತದೆ.