ಕೆಸರಿನಲ್ಲಿ ಒತಿಲಿಯಾಳ ಗೂಟ

ಪೂರ್ತಿ ಕೇಳಿ, ನಡುವೆ ತೀರ್ಪು ಕೊಡಬೇಡಿ, ಅಲ್ಲಿ ಸುಳಿಯಲ್ಲಿ ಒಂದು ಕೆಂಪು ಚಿಂದಿ ತಿರುಗುತ್ತಿದೆ, ಗೂಟದ ಸಮೇತ, ಮುಳುಗುತ್ತದೆ, ಏಳುತ್ತದೆ, ಅಮ್ಮ ಇನ್ನೂ ನೋಡಿಲ್ಲ, ಅವಳ ಕಣ್ಣೆಲ್ಲ ಕೆಸರಿನ ಮೇಲೆ — ಉಕಯಾಲಿ ನದಿ ರಾತ್ರಿ ತಟ್ಟನೆ ಏರಿ ಮುಳುಗಿಸಿ, ಬೆಳಗಿಗೆ ಇಳಿದು ಮತ್ತೆ ಬಿಟ್ಟುಕೊಟ್ಟ ಕೆಸರು, ಬೆಣ್ಣೆಯಂಥದ್ದು, ಬೀಜ ಚೆಲ್ಲಿದರೆ ಸಾಕು ಭತ್ತ. ಏನೇ ನೆಯ್ಡಾ, ಕೊಕ್ಕರೆ ಹಾಗೆ ನಿಂತ್ಬಿಟ್ಟೆ, ಗೂಟ ಹೊಡಿಯೇ, ಯಾರಾದ್ರೂ ಬರೋಕ್ ಮುಂಚೆ! ಹೊಡೀತೀನಮ್ಮಾ, ಹೊಡೀತೀನಿ, ಕೈ ಏಳುತ್ತಿಲ್ಲ — ಮೊದಲು ಗೂಟ ನೆಟ್ಟವರದ್ದೇ ಆ ವರ್ಷದ ಕೆಸರು, ಗೂಟವಿಲ್ಲದ್ದು ಯಾರದ್ದೂ ಅಲ್ಲ, ನಮ್ಮಲ್ಲಿ ಅಷ್ಟೇ ಕಾನೂನು, ಮತ್ತು ನಿನ್ನೆ ಸಂಜೆ ಇಲ್ಲಿ ಗೂಟಗಳಿದ್ದವು, ಬಲೆ ಎತ್ತಲು ಬಂದ ನಾನು ಕಣ್ಣಾರೆ ಕಂಡೆ, ನಮ್ಮೂರಿನ ಒತಿಲಿಯಾ ದೊಡ್ಡಮ್ಮ ತನ್ನ ಕೆಂಪು ಲಂಗ ಹರಿದು ಗೂಟಗಳಿಗೆ ಕಟ್ಟುತ್ತಿದ್ದಳು, ನಕ್ಕಳು, ನಾನಂತೂ ಇದನ್ನ ಉಟ್ಕೊಂಡು ಕುಣಿಯಲ್ಲ ಕಣೇ, ಇದೇ ಗಾಳೀಲಿ ಕುಣೀಲಿ ಬಿಡು. ಗಂಡ ಸತ್ತ ಮೇಲೆ ಅವಳಿಗಿದ್ದದ್ದು ಮೇಲಿನ ತಿರುವಿನ ಮನೆ, ಅದನ್ನೂ ಹೋದ ಮಳೆಗಾಲ ನದಿ ಒಂದೇ ತುತ್ತಿಗೆ ನುಂಗಿತು, ನಮ್ಮ ಬಾಳೆತೋಟ ನುಂಗಿದ ಹಾಗೆ. ತಿರುವಿನ ಹೊರಮೈ ಕಡಿಯುತ್ತದೆ, ಒಳಮೈಗೆ ತಂದು ಉಗುಳುತ್ತದೆ, ಎಂಥ ಹುಚ್ಚು ಈ ನೀರಿಗೆ! ಪರ್ವತದ ಹಿಮದಿಂದ ಹೊರಡುವಾಗ ಅಂಗೈಯಲ್ಲಿ ತಡೆಯಬಹುದಂತೆ, ಆಮೇಲೆ ಬಂಡೆ ಕೊರೆದು ಕಮರಿ ಮಾಡಿ, ಕಲ್ಲಿಗೆ ಕಲ್ಲು ತಿಕ್ಕಿ ಮರಳು ಮಾಡಿ, ಬಯಲಿಗಿಳಿದ ಮೇಲೆ ಹೊರಳಿ ಹೊರಳಿ, ಬೇಸರವಾದ ತಿರುವನ್ನು ಕೆರೆಯಾಗಿ ಬಿಟ್ಟು, ಅಮೆಜಾನ್ ಸೇರಿ, ಕಡಲನ್ನೇ ಕಂದಾಗಿಸಿ, ಅಲ್ಲಿ ದ್ವೀಪ ಕಟ್ಟುತ್ತದಂತೆ — ಯಾರ ಯಾರ ಅಂಗಳವೋ ಆ ದ್ವೀಪ. ಇದು ನಮ್ ತೋಟದ್ದೇ ಮಣ್ಣು ಕಣೇ, ನದಿ ತಾಯಿ ವಾಪಸ್ ಕೊಟ್ಟಿದಾಳೆ, ಅಮ್ಮ ಕೆಸರನ್ನು ಹಿಂಡಿ ಮೂಸುತ್ತಾಳೆ, ಇಲ್ಲಮ್ಮಾ, ಅಂದುಕೊಳ್ಳುತ್ತೇನೆ ಮನಸ್ಸಿನಲ್ಲೇ, ನಮ್ಮ ತೋಟವಿದ್ದದ್ದು ಇಲ್ಲಿಂದ ಕೆಳಗೆ, ನದಿ ಹಿಂದಕ್ಕೆ ಹರಿಯುವುದಿಲ್ಲ, ಇದು ಮೇಲಿನದು, ಮೇಲಿನ ತಿರುವಿನದು, ದೊಡ್ಡಮ್ಮನ ಒಲೆಯ ಬೂದಿಯೂ ಇದರಲ್ಲಿರಬಹುದು. ಬೆನ್ನ ಮೇಲೆ ಮೊಳಕೆ ಬಂದ ಭತ್ತದ ಚೀಲ, ಒದ್ದೆ, ಬಿಸಿ, ಉಸಿರಾಡುವಂಥದ್ದು, ಇವತ್ತು ಚೆಲ್ಲದಿದ್ದರೆ ಕೊಳೆಯುತ್ತದೆ, ಬೇರೆ ಬೀಜವಿಲ್ಲ, ಇಷ್ಟಗಲ ಕೆಸರು ಈ ವರ್ಷ ಬೇರೆಲ್ಲೂ ಎದ್ದಿಲ್ಲ. ನೀರಿಗೆ ಹುಟ್ಟು ಬೀಳುವ ಸದ್ದು. ಮಂಜಿನೊಳಗಿಂದ ದೋಣಿ, ಅದರ ಮೂತಿಯಲ್ಲಿ ಒತಿಲಿಯಾ ದೊಡ್ಡಮ್ಮ, ಮಡಿಲಲ್ಲಿ ಅವಳದೂ ಒಂದು ಒದ್ದೆ ಚೀಲ. ಅಯ್ಯೋ, ನನ್ ಗೂಟಗಳೆಲ್ಲಿ? ತಡವಾಗಿ ಬಂದ್ಬಿಟ್ಟೆ ಒತಿಲಿಯಾ, ಇಲ್ಲಿ ಯಾವ್ ಗೂಟಾನೂ ಇರ್ಲಿಲ್ಲ, ಅಮ್ಮ ಹೇಳುತ್ತಾಳೆ, ಸುಳ್ಳಲ್ಲ, ಅವಳು ಕಂಡಿಲ್ಲ. ನೆಯ್ಡಾ ನೋಡಿದಾಳೆ, ಕೇಳು ಅವಳನ್ನ, ಅನ್ನುತ್ತಾಳೆ ದೊಡ್ಡಮ್ಮ, ಹೇಳೇ ಮಗಳೇ, ನಿನ್ನೆ ನೋಡಿದ್ಯಲ್ಲೇ? ಅಮ್ಮ ನನ್ನತ್ತ ತಿರುಗುತ್ತಾಳೆ, ಇಬ್ಬರೂ ನನ್ನ ಬಾಯನ್ನೇ ನೋಡುತ್ತಾರೆ, ನೀರಿನತ್ತ ಯಾರೂ ನೋಡುವುದಿಲ್ಲ, ಅಲ್ಲಿ ಆ ಕೆಂಪು ಚಿಂದಿ ತಿರುಗುತ್ತಿದೆ, ಮುಳುಗುತ್ತದೆ, ಏಳುತ್ತದೆ, ಮುಳುಗುತ್ತದೆ — ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?