ಹೊಳೆಯಾಚೆಯ ನಕಲು

ಗುರುವಾರ ಬೆಳಿಗ್ಗೆ ಓರ್ಫಾ ಬೆಗ್ಲಿ ಅಡುಗೆಮನೆಯ ಮೇಜಿನ ಮೇಲೆ ಒಂದು ಬುಟ್ಟಿ ಬೀನ್ಸ್ ಸುರಿದುಕೊಂಡು ನಾರು ತೆಗೆಯುತ್ತಿದ್ದಳು. ಎದುರಿಗೆ ಕೂತ ಮೊಮ್ಮಗಳು ಡೆಲ್ಫಿಯಾ ಅದೇ ಕೆಲಸವನ್ನು ಒಂದೇ ಕೈಯಲ್ಲಿ ಮಾಡಲು ಹೆಣಗುತ್ತಿದ್ದಳು. ಅವಳ ಎಡಗೈ ಮಣಿಕಟ್ಟು ಊದಿಕೊಂಡಿತ್ತು. ಗಂಡ ರಾಯ್ಸ್ ತಿರುಚಿದ ಕೈ ಅದು. ಹುಡುಗಿ ತವರೆಂದು ಅಜ್ಜಿಯ ಮನೆಗೆ ಬಂದು ಎಂಟು ದಿನವಾಗಿತ್ತು. ಬಂದ ದಿನ ಅಳುತ್ತಿದ್ದವಳು ಈಗ ಅಳುತ್ತಿರಲಿಲ್ಲ. ಓರ್ಫಾಳಿಗೆ ಅದಕ್ಕೇ ಹೆಚ್ಚು ಭಯವಾಗಿತ್ತು.

ಒಲೆಯ ಮೇಲೆ ಹಂದಿಮಾಂಸದ ತುಂಡು ಬೇಯುತ್ತಿತ್ತು. ಹಿಂಬಾಗಿಲು ತಳ್ಳಿಕೊಂಡು ಓರ್ಫಾಳ ಅಣ್ಣ ಆನ್ಸೆಲ್ ಒಳಗೆ ಬಂದ. ಎಪ್ಪತ್ತೊಂದು ವರ್ಷದ ಆನ್ಸೆಲ್ ಗುಡ್ಡದ ಮೇಲಿನ ಚರ್ಚಿನ ಹಿರಿಯ. ಅವನು ಹೇಳಿದ ಮೇಲೆ ಆ ಕಣಿವೆಯಲ್ಲಿ ಇನ್ನೊಂದು ಮಾತಿಲ್ಲ. ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು ಕೂತ.

"ರಾಯ್ಸ್ ಹತ್ರ ಮಾತಾಡಿದೀನಿ," ಎಂದ. "ಭಾನುವಾರ ಚರ್ಚ್ ಆದ್ಮೇಲೆ ಇಲ್ಲಿಗೇ ಊಟಕ್ಕೆ ಬರ್ತಾನೆ. ಎಲ್ಲರೆದುರಿಗೆ ತಪ್ಪಾಯ್ತು ಅಂತಾನೆ. ಊಟ ಮುಗಿಸಿ ಇವಳನ್ನ ಕರಕೊಂಡು ಹೋಗ್ತಾನೆ. ಅಲ್ಲಿಗೆ ಮುಗೀತು."

"ದೊಡ್ಡಜ್ಜ, ಹೋದ ಸಲಾನೂ ತಪ್ಪಾಯ್ತು ಅಂದಿದ್ದ," ಎಂದಳು ಡೆಲ್ಫಿಯಾ.

"ಅಂದಿದ್ದನಲ್ಲ! ಅನ್ನದೇ ಇರೋರು ಎಷ್ಟು ಜನ ಇದಾರೆ ಗೊತ್ತಾ? ನೋಡು ಮಗೂ, ಕಾಯೋದು ಹೆಂಗಸಿನ ಕೆಲಸ, ತಿದ್ದೋದು ದೇವರ ಕೆಲಸ. ನಮ್ಮ ಮನೆತನದ ಒಬ್ಬ ಹೆಣ್ಣುಮಗಳೂ ಕೋರ್ಟಿನ ಮೆಟ್ಟಿಲು ಹತ್ತಿಲ್ಲ. ನಿಮ್ಮಜ್ಜೀನೇ ಕೇಳು. ಇವಳ ಗಂಡ ಕ್ಲೀಟಸ್ ಏನು ದೇವದೂತನಾ? ತುಟಿ ಕಚ್ಚಿಕೊಂಡು ಇದ್ದಳು. ಕೊನೆಗೆ ದೇವರೇ ಅವನನ್ನ ಕರಕೊಂಡ. ಇವತ್ತಿಗೂ ವಿಧವೆ ಅಂತ ತಲೆಯೆತ್ತಿ ಓಡಾಡ್ತಾಳೆ."

ಓರ್ಫಾಳ ಕೈ ಬೀನ್ಸಿನ ಮೇಲೆ ನಿಂತುಹೋಯಿತು.

ಆನ್ಸೆಲ್ ಹೋದ ಮೇಲೆ ಡೆಲ್ಫಿಯಾ ಮೇಜಿನ ಮೇಲಿನ ಬೀನ್ಸನ್ನು ಒಂದೇ ಕೈಯಲ್ಲಿ ತನ್ನತ್ತ ಎಳೆದುಕೊಂಡಳು. ಆಮೇಲೆ, "ಹೋಗ್ಲಿ ಬಿಡಜ್ಜಿ. ನೀನು ತಡಕೊಂಡೆ ಅಂದ್ಮೇಲೆ ನಾನೂ ತಡಕೋತೀನಿ. ಭಾನುವಾರ ಹೋಗ್ತೀನಿ," ಎಂದಳು.

ಆದರೆ ಓರ್ಫಾ ವಿಧವೆಯಲ್ಲ. ಯಾವತ್ತೂ ಆಗಿರಲಿಲ್ಲ.

ಆ ಕಣಿವೆಯ ದೊಡ್ಡವರ ಮನೆಗಳಲ್ಲಿ ಒಂದು ಪದ್ಧತಿಯಿತ್ತು. ಅದನ್ನು ಯಾರೂ ಪದ್ಧತಿ ಎಂದು ಕರೆಯುತ್ತಿರಲಿಲ್ಲ, ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ. ಹೆಣ್ಣುಮಗಳ ಬಾಳು ತೀರಾ ಕೆಟ್ಟರೆ, ಇನ್ನು ಹೆಣವೇ ಬೀಳುತ್ತದೆ ಎನ್ನುವ ಹೊತ್ತಿಗೆ, ಅವಳನ್ನು ಹೊಳೆ ದಾಟಿಸಿ ಆಚೆಯ ಕೌಂಟಿಯಲ್ಲಿ, ಅಂದರೆ ಪಕ್ಕದ ಜಿಲ್ಲೆಯಲ್ಲಿ, ನೆಂಟರ ಮನೆಯಲ್ಲಿ ಕೆಲವು ತಿಂಗಳು ಇರಿಸುವರು. ಅಲ್ಲಿನ ಕೋರ್ಟಿನಲ್ಲಿ ವಿಚ್ಛೇದನ ಆಗುವುದು. ಅಷ್ಟರಲ್ಲಿ ಇತ್ತ ಊರಿನಲ್ಲಿ ಅಳಿಯ ದೂರದ ಗಣಿಯಲ್ಲಿ ಸತ್ತನೆಂದು ಸುದ್ದಿ ಹಬ್ಬಿಸಿ, ಮನೆತನದ ಸ್ಮಶಾನದಲ್ಲಿ ಒಂದು ಕಲ್ಲು ನೆಟ್ಟುಬಿಡುವರು. ಮಗಳು ಕಪ್ಪು ಬಟ್ಟೆ ಉಟ್ಟು ವಿಧವೆಯಾಗಿ ಮರಳುವಳು. ಮಾನ ಉಳಿಯಿತು! ಯಾರ ಮಾನ ಎಂದು ಮಾತ್ರ ಕೇಳಬೇಡಿ.

ಓರ್ಫಾಳ ಎಡಗಿವಿ ಕೇಳುವುದಿಲ್ಲ. ಕ್ಲೀಟಸ್ ಸೌದೆಯ ತುಂಡಿನಲ್ಲಿ ಹೊಡೆದ ಕಿವಿ. ಆ ವರ್ಷವೇ ಅಪ್ಪ ಅವಳನ್ನು ಹೊಳೆ ದಾಟಿಸಿದ. ಆನ್ಸೆಲ್ ತನ್ನ ಕೈಯಾರೆ ಗುಂಡಿ ತೋಡಿ ಕಲ್ಲು ನೆಟ್ಟ. 'ಕ್ಲೀಟಸ್ ಬೆಗ್ಲಿ, ಚಿರನಿದ್ರೆಗೆ ಹೋದದ್ದು 1941ರ ಮಾರ್ಚ್' ಎಂದು ಅದರ ಮೇಲೆ ಕೊರೆಸಿದರು. ನಿದ್ರೆ ಹೋದ ಮಹಾರಾಯ ಉತ್ತರದ ಯಾವುದೋ ಕಾರ್ಖಾನೆ ಊರಿನಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡು ಮೂರು ಮಕ್ಕಳ ತಂದೆಯಾದ. ಪ್ರತಿ ಮೇ ತಿಂಗಳು ಗೋರಿಗಳಿಗೆ ಹೂವಿಡುವ ದಿನ ಓರ್ಫಾ ಖಾಲಿ ಮಣ್ಣಿಗೆ ಹೂವಿಟ್ಟು ಬರುತ್ತಿದ್ದಳು. ಹೀಗೆ ಮೂವತ್ತೇಳು ವರ್ಷ. ಕೋರ್ಟು ಕೊಟ್ಟ ಕಾಗದವನ್ನು ಅಪ್ಪ ತೀರಿಕೊಂಡ ವಾರವೇ ಆನ್ಸೆಲ್ ಒಲೆಗೆ ಹಾಕಿದ್ದ.

ಅದೂ ಹೋಗಲಿ. ಅದೇ ಸ್ಮಶಾನದಲ್ಲಿ ಹತ್ತು ಹೆಜ್ಜೆ ಆಚೆಗೆ ಇನ್ನೊಂದು ಕಲ್ಲಿದೆ. ಅದು ಆನ್ಸೆಲನ ಮಗಳು ಮೇಮಿಯದು, ಅದರ ಕೆಳಗೆ ಮಣ್ಣು ಖಾಲಿಯಿಲ್ಲ. ಹನ್ನೊಂದು ವರ್ಷದ ಹಿಂದೆ ಮೇಮಿಯೂ ಹೀಗೇ ಓಡಿಬಂದಿದ್ದಳು. ಆನ್ಸೆಲ್ ಆಗಲೂ ಇದೇ ಮಾತು ಹೇಳಿದ್ದ: ನಿಮ್ಮ ಓರ್ಫಾ ಅತ್ತೇನ ನೋಡು. ಮೇಮಿ ಅತ್ತೆಯನ್ನು ನೋಡಿದಳು. ಅತ್ತೆ ನೆಲ ನೋಡಿದಳು. ಹುಡುಗಿ ವಾಪಸು ಹೋದ ಆರನೆಯ ವಾರಕ್ಕೆ ಬಾವಿಯ ಹತ್ತಿರ ಜಾರಿ ಬಿದ್ದು ಸತ್ತಳೆಂದು ಹೇಳಿಕಳುಹಿಸಿದರು. ಜಾರಿ ಬಿದ್ದವಳ ಕತ್ತಿನ ಮೇಲೆ ಬೆರಳಿನ ಗುರುತು ಹೇಗೆ ಬಂತೆಂದು ಯಾರೂ ಕೇಳಲಿಲ್ಲ. ಓರ್ಫಾ ಕೂಡ ಕೇಳಲಿಲ್ಲ.

ಇನ್ನು ಸುಮ್ಮನಿರಲು ಆಕೆಗೆ ಆಗಲಿಲ್ಲ. ಬೀನ್ಸಿನ ಬುಟ್ಟಿ ಪಕ್ಕಕ್ಕೆ ಸರಿಸಿ ಮೊಮ್ಮಗಳಿಗೆ ಎಲ್ಲವನ್ನೂ ಹೇಳಿದಳು. ಹುಡುಗಿ ಕೇಳಿಸಿಕೊಂಡು ಅಜ್ಜಿಯ ಕೈ ಸವರಿ ನಕ್ಕಳು.

"ನನ್ನ ಸಮಾಧಾನಕ್ಕೆ ಏನೇನೋ ಕತೆ ಕಟ್ಟಬೇಡ ಅಜ್ಜಿ. ಐದು ವರ್ಷದೋಳಿದ್ದಾಗಿಂದ ತಾತನ ಗೋರಿಗೆ ಹೂವಿಟ್ಟಿದೀನಿ. ಕಲ್ಲಿನ ಮೇಲೆ ಹೆಸರಿದೆ, ತಿಂಗಳಿದೆ. ಕಲ್ಲು ಸುಳ್ಳು ಹೇಳತ್ತಾ?"

"ಕಲ್ಲು ಹೇಳಲ್ಲ ಕಣೇ, ನೆಟ್ಟೋರು ಹೇಳ್ತಾರೆ," ಎಂದಳು ಓರ್ಫಾ. ಆದರೆ ಹುಡುಗಿ ನಂಬಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಕಲ್ಲಿನ ಎದುರು ಇಡಲು ಓರ್ಫಾಳ ಹತ್ತಿರ ಒಂದು ಚೂರು ಕಾಗದವೂ ಇರಲಿಲ್ಲ.

ಮಾರನೆಯ ದಿನ, ಹಲ್ಲಿನ ಡಾಕ್ಟರ ಹತ್ತಿರ ಹೋಗಿಬರುತ್ತೇನೆಂದು ಹೇಳಿ ಬಸ್ಸು ಹತ್ತಿದಳು. ಸೇತುವೆ ದಾಟುವಾಗ ನೆನಪಾಯಿತು, ತನ್ನ ಬಾಯಲ್ಲಿರುವುದೆಲ್ಲ ಕಟ್ಟಿಸಿದ ಹಲ್ಲು. ಮೂವತ್ತೇಳು ವರ್ಷ ಸುಳ್ಳು ಬಾಳಿದರೂ ಒಂದು ಸುಳ್ಳನ್ನು ನೆಟ್ಟಗೆ ಹೇಳಲು ಬರಲಿಲ್ಲವಲ್ಲ ಎಂದು ತನಗೆ ತಾನೇ ನಗು ಬಂತು.

ಆಚೆಯ ಕೌಂಟಿ ಕೋರ್ಟಿನಲ್ಲಿ ದಾಖಲೆ ಕೊಡುವ ಕಿಟಕಿಯ ಹಿಂದೆ ಟ್ಯಾಕೆಟ್ ಎಂಬ ನಡುವಯಸ್ಸಿನ ಗುಮಾಸ್ತೆ ಕೂತಿದ್ದಳು. ಕನ್ನಡಕವನ್ನು ಸರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಓರ್ಫಾ ಎಡಬಲ ನೋಡಿ, ತಗ್ಗಿದ ದನಿಯಲ್ಲಿ, "ಒಂದು ಹಳೇ ಡೈವೋರ್ಸಿನ ಕಾಗದದ ನಕಲು ಬೇಕಾಗಿತ್ತು," ಎಂದಳು.

"ಯಾವ ವರ್ಷದ್ದಮ್ಮಾ?"

"ಸಾವಿರದ ಒಂಬೈನೂರ ನಲವತ್ತೊಂದು. ಜೋಳದ ಕೊಯ್ಲು ನಡೀತಿತ್ತು."

"ಕೊಯ್ಲಿನ ಲೆಕ್ಕದಲ್ಲಿ ನಾವು ಜೋಡಿಸಿಟ್ಟಿಲ್ಲ," ಎಂದು ನಕ್ಕ ಟ್ಯಾಕೆಟ್ ದಪ್ಪನೆಯ ಸೂಚಿ ಪುಸ್ತಕ ಬಿಡಿಸಿದಳು. "ಹೆಸರು?"

"ಕ್ಲೀಟಸ್ ಬೆಗ್ಲಿ."

ಬೆರಳು ಪುಟದ ಮೇಲಿಂದ ಕೆಳಕ್ಕೆ ಇಳಿಯಿತು. ಇನ್ನೊಂದು ಪುಟ ನೋಡಿದಳು, ಮತ್ತೊಂದು. "ಇಲ್ವಲ್ಲಮ್ಮಾ."

ಓರ್ಫಾ ಕಿಟಕಿಯತ್ತ ಬಗ್ಗಿದಳು. ಇಲ್ಲೂ ಸುಟ್ಟುಬಿಟ್ಟರೇ? "ಸರಿಯಾಗಿ ನೋಡಿ ತಾಯಿ. ಇರಲೇಬೇಕು. ನಮ್ಮಪ್ಪನೇ ಕರಕೊಂಡು ಬಂದಿದ್ದು."

"ಇಲ್ಲಿ ಅರ್ಜಿ ಹಾಕಿದೋರ ಹೆಸರಿನ ಮೇಲೆ ಜೋಡಿಸಿರ್ತೀವಿ. ಅರ್ಜಿ ಹಾಕಿದ್ದು ಯಾರು?"

"ಯಾರೋ ಗೊತ್ತಿಲ್ಲ. ಅಪ್ಪ ತೋರಿಸಿದ ಕಡೆ ನಾನು ರುಜು ಹಾಕಿದೆ, ಅಷ್ಟೇ."

"ನಿಮ್ಮ ಹೆಸರೇನು?"

ಟ್ಯಾಕೆಟ್ ಪುಟ ಮಗುಚಿ ಒಂದು ಸಾಲಿನ ಮೇಲೆ ಬೆರಳಿಟ್ಟು ಪುಸ್ತಕವನ್ನು ತಿರುಗಿಸಿ ತೋರಿಸಿದಳು. ಮಸುಕಾದ ಮಸಿಯಲ್ಲಿ ಬರೆದಿತ್ತು: ಓರ್ಫಾ ಬೆಗ್ಲಿ, ವಾದಿ. ಕ್ಲೀಟಸ್ ಬೆಗ್ಲಿ, ಪ್ರತಿವಾದಿ. ಓರ್ಫಾ ಆ ಸಾಲನ್ನು ಎರಡು ಸಲ ಓದಿದಳು. ತನ್ನನ್ನು ಆಲೂಗಡ್ಡೆ ಮೂಟೆಯ ಹಾಗೆ ಹೊತ್ತು ತಂದು ಬಿಡಿಸಿದರೆಂದೇ ಇಷ್ಟು ವರ್ಷ ತಿಳಿದಿದ್ದಳು. ಇಲ್ಲಿ ನೋಡಿದರೆ ಕೇಳಿದವಳು ತಾನೇ. ನನಗೆ ಇವನು ಬೇಡ ಎಂದು ತನ್ನ ಹೆಸರಿನಲ್ಲೇ ಬರೆದಿತ್ತು. ಕಣ್ಣು ತುಂಬಿ ಬಂತು.

"ನೀವು ಹೊಳೆಯಾಚೆಯೋರಾ?" ಟ್ಯಾಕೆಟ್ ಮೆತ್ತಗೆ ಕೇಳಿದಳು. "ಈ ಪುಸ್ತಕದಲ್ಲಿ ಅರ್ಧಕ್ಕರ್ಧ ನಿಮ್ಮ ಕಡೆಯೋರೇ."

"ನಿಮ್ಮ ಊರಿನ ಹೆಂಗಸರೆಲ್ಲ ಸುಖವಾಗಿದಾರೆ ಅನ್ನಿ."

"ಅಯ್ಯೋ, ಎಲ್ಲಿಯ ಸುಖ! ನಮ್ಮೋರು ಇನ್ನೊಂದು ಹೊಳೆ ದಾಟಿ ಮುಂದಿನ ಕೌಂಟಿಗೆ ಹೋಗ್ತಾರೆ."

ಇಬ್ಬರೂ ನಕ್ಕುಬಿಟ್ಟರು. ತೀರ್ಪಿನ ಪುಸ್ತಕ ನೆಲಮಾಳಿಗೆಯಲ್ಲಿತ್ತು, ಬೀಗದ ಕೈಯವನು ಮಧ್ಯಾಹ್ನದ ಮೇಲೆ ಬರುವವನು. ಓರ್ಫಾ ಬೆಂಚಿನ ಮೇಲೆ ಕೂತು ಕಟ್ಟಿಕೊಂಡು ಬಂದ ಬ್ರೆಡ್ಡು ತಿಂದಳು. ಮೂರು ಗಂಟೆಗೆ ಟ್ಯಾಕೆಟ್ ಕರೆದಳು. "ಬರೀ ನಕಲು ಸಾಕಾ, ಸೀಲು ಹಾಕಿದ್ದು ಬೇಕಾ?"

"ಸೀಲು ಹಾಕಿದ್ದೇ ಕೊಡಿ. ತೋರಿಸಬೇಕಾದೋನು ಮೊಂಡು ತಲೆಯೋನು." ಆಮೇಲೆ ಅಳುಕುತ್ತ ಕೇಳಿದಳು, "ನಾನೇ ಓರ್ಫಾ ಅನ್ನೋದಕ್ಕೆ ಏನಾದ್ರೂ ತೋರಿಸಬೇಕಾ?"

"ಏನೂ ಬೇಡ. ಇದು ಎಲ್ಲರಿಗೂ ತೆರೆದಿಟ್ಟ ದಾಖಲೆ. ಯಾರು ಬಂದು ಕೇಳಿದ್ರೂ ಕೊಡ್ತೀವಿ."

ಯಾರು ಕೇಳಿದರೂ ಕೊಡುತ್ತಿದ್ದರು. ಮೇಮಿ ಕೇಳಿದ್ದರೂ ಕೊಡುತ್ತಿದ್ದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಓರ್ಫಾಳಿಗೆ ಅದೊಂದೇ ಮಾತು ತಲೆಯಲ್ಲಿ ಸುತ್ತಿತು.

ಕಾಗದವನ್ನು ಮೊಮ್ಮಗಳಿಗೆ ಆಗಲೇ ತೋರಿಸಲಿಲ್ಲ. ಅಡಗಿಸಿ ಮಾಡುವ ಕೆಲಸ ಸಾಕಾಗಿತ್ತು. ಸುಳ್ಳು ಹೇಳಿದ್ದು ಎಲ್ಲರೆದುರಿಗೆ, ನಿಜವೂ ಎಲ್ಲರೆದುರಿಗೇ ಬರಲಿ ಎಂದುಕೊಂಡಳು.

ಭಾನುವಾರದ ಮೇಜಿನ ಮೇಲೆ ಕರಿದ ಕೋಳಿಯಿತ್ತು, ಬೀನ್ಸಿತ್ತು, ಒಣಸೇಬಿನ ಕೇಕಿತ್ತು. ಆನ್ಸೆಲ್, ಅವನ ಹೆಂಡತಿ ಲುರೇನಾ, ತಲೆ ನೀಟಾಗಿ ಬಾಚಿಕೊಂಡ ರಾಯ್ಸ್, ಎಲ್ಲರೂ ಕೂತರು. ಡೆಲ್ಫಿಯಾಳ ಪೆಟ್ಟಿಗೆ ಬಾಗಿಲ ಹತ್ತಿರ ಸಿದ್ಧವಾಗಿತ್ತು. ಆನ್ಸೆಲ್ ಪ್ರಾರ್ಥನೆ ಮುಗಿಸಿದ.

"ತಪ್ಪಾಯ್ತು ಅಜ್ಜಿ," ಎಂದ ರಾಯ್ಸ್ ಪಾಠ ಒಪ್ಪಿಸಿದಂತೆ. "ಇನ್ಮೇಲೆ ಹಂಗಾಗಲ್ಲ."

"ಆಯ್ತಲ್ಲ," ಎಂದ ಆನ್ಸೆಲ್. "ಡೆಲ್ಫಿಯಾ, ನಿಮ್ಮಜ್ಜೀನ ನೋಡಿ ಕಲಿ. ಗಂಡ ಮಣ್ಣಿಗೆ ಹೋಗೋ ತನಕ—"

"ಅಣ್ಣ, ಒಂದು ನಿಮಿಷ," ಎಂದಳು ಓರ್ಫಾ. ಏಪ್ರನ್ನಿನ ಜೇಬಿನಿಂದ ಕಾಗದ ತೆಗೆದು ಮೊಮ್ಮಗಳ ತಟ್ಟೆಯ ಪಕ್ಕ ಇಟ್ಟಳು. "ಗಟ್ಟಿಯಾಗಿ ಓದು."

ಡೆಲ್ಫಿಯಾ ಓದತೊಡಗಿದಳು. ಸೌದೆಯ ತುಂಡು ಬಂತು, ಕಿವಿ ಬಂತು, ಕ್ರೌರ್ಯ ಸಾಬೀತಾಗಿದೆ ಎಂಬ ಮಾತು ಬಂತು. "1941ನೇ ಇಸವಿ ಅಕ್ಟೋಬರ್ ಒಂಬತ್ತು. ಪ್ರತಿವಾದಿ ಕ್ಲೀಟಸ್ ಬೆಗ್ಲಿ ಖುದ್ದಾಗಿ ಹಾಜರಿದ್ದು..." ಅಲ್ಲಿಗೆ ಅವಳ ದನಿ ನಿಂತಿತು. "ಅಜ್ಜಿ, ಕಲ್ಲಿನ ಮೇಲೆ ಮಾರ್ಚ್ ಅಂತಿದೆ!"

"ಹೂಂ. ಸತ್ತು ಏಳು ತಿಂಗಳಾದ್ಮೇಲೆ ಕೋರ್ಟಿಗೆ ಬಂದಿದ್ದ. ಗಟ್ಟಿ ಆಳು."

ಆನ್ಸೆಲನ ಮುಖ ಕೆಂಪಾಯಿತು. "ಓರ್ಫಾ! ನಿನಗೇನು ಬುದ್ಧಿ ಕೆಟ್ಟಿದೆಯಾ? ನಿನ್ನ ಮಾನ ಉಳಿಸೋಕೆ ಅಪ್ಪ ಎಷ್ಟು ಒದ್ದಾಡಿದ, ನಾನೆಷ್ಟು ಒದ್ದಾಡಿದೆ!"

"ನನ್ನ ಜೀವ ಉಳಿಸಿದ್ರಿ ಅಣ್ಣ. ಅದನ್ನ ಸಾಯೋ ತನಕ ಮರೆಯಲ್ಲ. ಆದ್ರೆ ಉಳಿಸಿದ್ದನ್ನ ಮುಚ್ಚಿಟ್ರಿ. ನಾನು ಓಡಿ ಬದುಕಿದೋಳು. ನನ್ನನ್ನ ತಡಕೊಂಡು ಬದುಕಿದೋಳು ಅಂತ ಹುಡುಗೀರಿಗೆ ತೋರಿಸಿದ್ರಿ. ನಾನೂ ಬಾಯಿ ಮುಚ್ಚಿಕೊಂಡು ತೋರಿಸ್ಕೊಂಡೆ. ಒಬ್ಬಳು ನನ್ನನ್ನ ನೋಡಿ ವಾಪಸು ಹೋದಳು." ಆಕೆಯ ದನಿ ಏರಲಿಲ್ಲ. "ಇನ್ನೊಬ್ಬಳನ್ನ ಕಳಿಸಲ್ಲ."

ಯಾರೂ ಹೆಸರು ಹೇಳಲಿಲ್ಲ. ಲುರೇನಾ ಕೈ ಚಾಚಿ ಕಾಗದ ತೆಗೆದುಕೊಂಡಳು. ಮೂವತ್ತೇಳು ವರ್ಷ ಅವಳಿಗೂ ಈ ಗುಟ್ಟು ಹೇಳಿರಲಿಲ್ಲ. ನಿಧಾನವಾಗಿ ಕೊನೆಯ ತನಕ ಓದಿ, ಸೀಲಿನ ಉಬ್ಬನ್ನು ಹೆಬ್ಬೆರಳಿನಿಂದ ಸವರಿ, ಗಂಡನ ಕಡೆ ತಿರುಗಿದಳು.

"ನಿಮಗೆ ಗೊತ್ತಿತ್ತು," ಎಂದಳು. "ನಮ್ಮ ಮೇಮಿ ನಿಮ್ಮ ಕಾಲು ಹಿಡಕೊಂಡು ಅಳುವಾಗ ನಿಮಗೆ ಇದು ಗೊತ್ತಿತ್ತು."

ಆನ್ಸೆಲ್ ತಟ್ಟೆಯ ಮೇಲೆ ತಲೆ ತಗ್ಗಿಸಿದ.

ರಾಯ್ಸ್ ಎದ್ದುನಿಂತ. "ಇದೆಲ್ಲ ನಿಮ್ಮ ಮನೆ ರಗಳೆ. ನಡೀ ಡೆಲ್ಫಿಯಾ."

"ನಾನು ಬರಲ್ಲ," ಎಂದಳು ಡೆಲ್ಫಿಯಾ.

"ಏನಂದೆ?"

"ಬರಲ್ಲ ಅಂದೆ."

ರಾಯ್ಸ್ ಅವಳ ಕಡೆ ಒಂದು ಹೆಜ್ಜೆ ಇಟ್ಟ. ಲುರೇನಾ ಎದ್ದು ಅಡ್ಡ ನಿಂತಳು. ಓರ್ಫಾ ಪಕ್ಕಕ್ಕೆ ಬಂದು ನಿಂತಳು. ಅವನು ಸಹಾಯಕ್ಕೆಂದು ಆನ್ಸೆಲನ ಕಡೆ ನೋಡಿದ. ಆನ್ಸೆಲ್ ತಟ್ಟೆಯಿಂದ ತಲೆ ಎತ್ತಲೇ ಇಲ್ಲ. ಬಾಗಿಲು ಬಡಿದ ಸದ್ದಾಯಿತು, ಗಾಡಿ ಹೊರಟ ಸದ್ದಾಯಿತು.

ಸೋಮವಾರ ಅಜ್ಜಿ ಮೊಮ್ಮಗಳು ಕೋರ್ಟಿಗೆ ಹೋದರು. ಹೊಳೆಯಾಚೆಗಲ್ಲ, ತಮ್ಮದೇ ಊರಿನ ಕೋರ್ಟಿಗೆ, ಹತ್ತು ಗಂಟೆಯ ಬಿಸಿಲಿನಲ್ಲಿ, ಇಡೀ ಪೇಟೆ ನೋಡುತ್ತಿದ್ದಂತೆ ಮುಂಬಾಗಿಲಿನ ಮೆಟ್ಟಿಲು ಹತ್ತಿ. ಅರ್ಜಿಯ ಮೇಲೆ ವಾದಿ ಎಂದಿದ್ದ ಜಾಗದಲ್ಲಿ ಡೆಲ್ಫಿಯಾ ತನ್ನ ಹೆಸರು ಬರೆಯುವುದನ್ನು ಓರ್ಫಾ ಪಕ್ಕದಲ್ಲಿ ನಿಂತು ಕಣ್ಣಾರೆ ನೋಡಿದಳು.

ಮುಂದಿನ ಮೇ ತಿಂಗಳಲ್ಲಿ ಓರ್ಫಾ ಹಳೆಯ ಅಭ್ಯಾಸದಂತೆ ಗೋರಿಗೊಂದರ ಹಾಗೆ ಎರಡು ಕಟ್ಟು ಹೂ ಹಿಡಿದು ಸ್ಮಶಾನಕ್ಕೆ ಹೋದಳು. ಕ್ಲೀಟಸನ ಕಲ್ಲು ಇರಲಿಲ್ಲ. ಅದಿದ್ದ ಜಾಗದಲ್ಲಿ ಆಗತಾನೆ ಮುಚ್ಚಿದ ಮಣ್ಣಿತ್ತು. ಹತ್ತು ಹೆಜ್ಜೆ ಆಚೆ ಮಗಳ ಗೋರಿಯ ಪಕ್ಕ ಆನ್ಸೆಲ್ ಕೂತಿದ್ದ. ಹಾರೆ ಕೆಳಗೆ ಬಿದ್ದಿತ್ತು, ಎರಡು ಅಂಗೈಯೂ ಬೊಬ್ಬೆ ಎದ್ದಿತ್ತು.

"ಕಿತ್ತು ಹಾಕಿದೆ," ಎಂದ, ತಂಗಿಯ ಮುಖ ನೋಡದೆ. "ನೆಟ್ಟೋನು ನಾನೇ ಅಲ್ವಾ."

ಓರ್ಫಾ ಎರಡು ಕಟ್ಟು ಹೂವನ್ನೂ ಮೇಮಿಯ ಕಲ್ಲಿನ ಬುಡದಲ್ಲಿಟ್ಟು ಅಣ್ಣನ ಪಕ್ಕದಲ್ಲಿ ಕೂತಳು.