ಮೀನಿನ ಹೊಟ್ಟೆಯ ಹಾಡು

“ಎತ್ತಬ್ಯಾಡ್ರಿ! ಬಡಿತ ಬೀಳೋಗಂಟ ಪೆಟ್ಟಿಗೆ ಇಲ್ಲಿಂದ ಅಲ್ಲಾಡಂಗಿಲ್ಲ.”

ಗಾದ್ರಮ್ಮ ಗಂಡನ ಶವಪೆಟ್ಟಿಗೆಯ ಅಂಚಿಗೆ ಎರಡೂ ಕೈ ಊರಿ ನಿಂತಳು. ಹೆಗಲು ಕೊಡಲು ಬಗ್ಗಿದ್ದ ನಾಲ್ವರೂ ಹಾಗೇ ನೆಟ್ಟಗಾದರು. ಹೊನ್ನಾಳಿಯಿಂದ ಬಂದಿದ್ದ ಪಾದ್ರಿಗಳು ಬೈಬಲ್ಲಿನೊಳಗೆ ಬೆರಳಿಟ್ಟುಕೊಂಡೇ ಜಂಪಣ್ಣ ಮೇಷ್ಟ್ರ ಮುಖ ನೋಡಿದರು. ಸತ್ತ ಮಾರಪ್ಪನ ಒಡಹುಟ್ಟಿದ ಅಣ್ಣ ಅವರು. ನ್ಯಾಮತಿಯ ಕ್ರೈಸ್ತ ಸಭೆಗೆ ಹಿರಿಯರೂ ಅವರೇ. ಸಭೆಯ ಸಮಾಧಿ ಜಾಗದ ಬೀಗದ ಕೈ ಅವರ ಕೋಟಿನ ಜೇಬಿನಲ್ಲಿತ್ತು.

“ನೋಡಮ್ಮ,” ಎಂದರು ಜಂಪಣ್ಣ, ಪಾಠ ಹೇಳುವ ದನಿಯಲ್ಲಿ. “ಪ್ರಾರ್ಥನೆ ಆಗೈತೆ. ಕೀರ್ತನೆ ಹಾಡ್ಕೊಂಡು ಹೋಗಾನ. ಹಲಗೆ ಬಡಿತ ಬಿದ್ರೆ ನಮ್ಮ ಗೇಟು ತೆಗೆಯಲ್ಲ. ಅಷ್ಟೇ.”

“ತೆಗೀಬ್ಯಾಡ್ರಿ. ಇಲ್ಲೇ ಹಿತ್ತಲಲ್ಲಿ ಹೂಳ್ತೀನಿ.”

“ಹುಚ್ಚಿ ತರ ಆಡಬ್ಯಾಡ!”

“ಹುಚ್ಚಿನೇ ಅಂದ್ಕೊಳ್ರಿ.”

ಮೂಲೆಯಲ್ಲಿ ಕೂತಿದ್ದ ಮುದುಕಿ ಗಿಡ್ಡಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಅಯ್ಯೋ ಶಿವನೇ, ಹೆಣದ ಮುಂದೆ ಜಗಳವಾ?” ಎಂದಳು. ದೀಕ್ಷಾಸ್ನಾನವಾಗಿ ವರ್ಷಗಳೇ ಕಳೆದಿದ್ದರೂ ದುಃಖ ಬಂದಾಗ ಅವಳ ಬಾಯಿಗೆ ಬರುತ್ತಿದ್ದುದು ಶಿವನೇ. ಆ ಹೊತ್ತಿನಲ್ಲಿ ಯಾರೂ ಅವಳನ್ನು ತಿದ್ದಲು ಹೋಗಲಿಲ್ಲ.

*

ಊರಿಗೆಲ್ಲ ಅವನು ಪಂಕ್ಚರ್ ಮಾರಪ್ಪ. ಬಸ್ ನಿಲ್ದಾಣದ ಪಕ್ಕ ಸೈಕಲ್ ರಿಪೇರಿ ಮಾಡಿಕೊಂಡು, ಯಾರ ತಂಟೆಗೂ ಹೋಗದೆ ಬದುಕಿದವನು. ಅವನಿಗೆ ಇದ್ದದ್ದು ಒಂದೇ ಹುಚ್ಚು, ‘ನಿನೆವೆ’ ಬ್ಯಾಂಡು. ಭದ್ರಾವತಿಯಲ್ಲಿ ಕೆಲಸಕ್ಕಿದ್ದ ತಿಪ್ಪೇಶಪ್ಪ ಎಂಬತ್ತೆರಡನೇ ಇಸವಿಯಲ್ಲಿ ಒಂದು ಎಲೆಕ್ಟ್ರಿಕ್ ಗಿಟಾರು ಹೊತ್ತು ತಂದ. ವಿದೇಶದ ಕ್ಯಾಸೆಟ್ಟುಗಳನ್ನು ಕೇಳಿ ಕೇಳಿ ಅವನ ಕೈಗೂ ಆ ಗರಗಸದ ಸದ್ದು ಹತ್ತಿತ್ತು. ಮಾರಪ್ಪ ಹಳೆಯ ಡ್ರಮ್ ಸೆಟ್ ಹೊಂದಿಸಿಕೊಂಡ. ಚರ್ಚಿನ ಹಿಂದಿನ ಕೋಣೆಯಲ್ಲಿ ಅವರು ಶುರು ಹಚ್ಚಿದರೆ ಕೇಳಬೇಕೆ! ಎಮ್ಮೆ ಬೆದರಿ ಹಾಲಿಗೆ ಸೊರ ಬಿಡುತ್ತಿಲ್ಲ ಎಂದು ಬಾಗಿಲಿಗೇ ಬಂದು ಬೈದವರಿದ್ದರು.

ಆದರೂ ಎರಡು ವರ್ಷ ಬೆವರು ಸುರಿಸಿ ಅವರು ದಾವಣಗೆರೆಯಲ್ಲಿ ಒಂದು ಕ್ಯಾಸೆಟ್ ಮಾಡಿಸಿದರು. ಅದರಲ್ಲಿ ಬಿಡಿ ಹಾಡುಗಳಿರಲಿಲ್ಲ. ಪ್ರವಾದಿ ಯೋನನದೇ ಪೂರ್ತಿ ಕತೆ: ದೇವರು ಹೋಗು ಎಂದ ನಿನೆವೆ ಊರಿಗೆ ಹೋಗಲಾರೆನೆಂದು ಹಡಗು ಹತ್ತಿ ಓಡಿದ್ದು, ಬಿರುಗಾಳಿ, ಸಮುದ್ರಕ್ಕೆ ಎಸೆದದ್ದು, ಮೀನು ನುಂಗಿದ್ದು. ಒಂದು ಹಾಡಿನ ಬಾಲ ಹಿಡಿದೇ ಇನ್ನೊಂದು ಹುಟ್ಟುತ್ತಿತ್ತು. ತಾಳವೂ ನಡುನಡುವೆ ಕವಲೊಡೆದು ಬೇರೆ ದಾರಿ ಹಿಡಿಯುತ್ತಿತ್ತು. ಸಿನಿಮಾ ಹಾಡಿನಂತೆ ಒಂದನ್ನು ಕೇಳಿ ಎದ್ದುಹೋಗುವ ಹಾಗಿರಲಿಲ್ಲ. ಜಂಪಣ್ಣ ಮೇಷ್ಟ್ರೂ ಒಮ್ಮೆ ಪೂರ್ತಿ ಕೇಳಿ, “ಗಲಾಟೆ ಜಾಸ್ತಿ ಆತು, ಆದ್ರೆ ವಾಕ್ಯ ತಪ್ಪಿಲ್ಲ” ಎಂದಿದ್ದರು. ಮಾರಪ್ಪ ಆ ಮಾತನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಎಲ್ಲ ಕೆಟ್ಟದ್ದು ಜಗಳೂರಿನಲ್ಲಿ. ಅಲ್ಲಿನ ಕ್ರಿಸ್‌ಮಸ್ ಕೂಟಕ್ಕೆ ಬ್ಯಾಂಡನ್ನು ಕರೆಸಿದ್ದರು. ಮೀನಿನ ಹೊಟ್ಟೆಯ ಹಾಡು ಬಂದಾಗ ಮಾರಪ್ಪ ಕ್ಯಾಸೆಟ್ಟಿನಲ್ಲಿ ಇಲ್ಲದ್ದೊಂದನ್ನು ಸೇರಿಸಿದ. ಗಿಟಾರು ನಿಂತಿತು. ಒಂಟಿ ಡ್ರಮ್ಮಿನ ಮೇಲೆ ಅವನ ಕೈಯಿಂದ ಅಪ್ಪ ಕಾಟಪ್ಪನ ಬಡಿತ ಎದ್ದಿತು. ಹೆಣದ ಮುಂದೆ ಮಾತ್ರ ಬಡಿಯುವ ಬಡಿತ ಅದು.

ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಸಾವಾಗಿದೆಯೆಂದು ಹೆಂಗಸರು ಒಲೆಗೆ ನೀರು ಹಾಕಿ ಹೊರಬಂದರು. ಮಕ್ಕಳನ್ನು ಒಳಗೆ ಎಳೆದುಕೊಂಡರು. ಮೇಲುಕೇರಿಯ ಯಜಮಾನನೊಬ್ಬ ಪೆಂಡಾಲಿನ ಬಾಯಿಗೆ ಬಂದವನೇ, ಇಸ್ತ್ರಿ ಕೋಟು ಹಾಕಿ ನಿಂತಿದ್ದ ಜಂಪಣ್ಣನವರನ್ನು ನೋಡಿ, “ಏನ್ಲಾ, ಹೆಣ ಯಾರ್ದು?” ಎಂದ.

ಅಲ್ಲಿಯವರೆಗೆ ಎಲ್ಲರಿಂದ ಮೇಷ್ಟ್ರೇ ಎನಿಸಿಕೊಂಡಿದ್ದವರು ಒಂದು ಬಡಿತಕ್ಕೆ ‘ಏನ್ಲಾ’ ಆಗಿಹೋದರು. ಹುಟ್ಟೂರು ಗೋವಿನಕೋವಿಯಲ್ಲಿ ಹುಡುಗನಾಗಿದ್ದಾಗ ಅವರೂ ಅಪ್ಪನ ಪಕ್ಕ ಜೋಡಿ ಹಲಗೆ ಹಿಡಿದವರು. ಜ್ವರ ಬಂದ ಅಪ್ಪನನ್ನು ಊರವರು ಹಾಸಿಗೆಯಿಂದ ಎಬ್ಬಿಸಿ ಹೆಣದ ಮುಂದೆ ನಿಲ್ಲಿಸಿದ್ದನ್ನು ಕಣ್ಣಾರೆ ಕಂಡವರು. ದೀಕ್ಷೆ ಪಡೆದ ದಿನ ಆ ಹಲಗೆಗಳನ್ನು ಒಲೆಗೆ ಹಾಕಿದ್ದು ಅವರದೇ ಕೈ.

“ಯಾಕಲೇ ಅದನ್ನ ಬಡಿದೆ?” ಎಂದು ವಾಪಸು ಬರುವಾಗ ಬಸ್ಸಿನಲ್ಲೇ ತಮ್ಮನ ಅಂಗಿ ಹಿಡಿದು ಕೇಳಿದರು.

ಮಾರಪ್ಪ ಬಿಡಿಸಿಕೊಳ್ಳಲಿಲ್ಲ. “ಯೋನ ಮೀನಿನ ಹೊಟ್ಟ್ಯಾಗೆ ಸತ್ತಂಗೇ ಅಲ್ವಾ ಅಣ್ಣ? ಸತ್ತೋರಿಗೆ ಅಪ್ಪ ಬಡೀತಿದ್ದದ್ದು ಬಿಟ್ಟು ಬ್ಯಾರೆ ಏನು ಬಡೀಲಿ?”

ಮರುದಿನವೇ ಡ್ರಮ್ ಸೆಟ್ ಚರ್ಚಿನ ಕೋಣೆಯಿಂದ ಹೊರಗೆ ಬಿತ್ತು. ಅಣ್ಣತಮ್ಮಂದಿರ ಮಾತೂ ಅವತ್ತಿಗೇ ನಿಂತಿತು. ಎರಡು ವರ್ಷದ ಮೇಲೆ ಕಾಮಾಲೆ ಬಂದು ಮಾರಪ್ಪ ಮಲಗಿದ. ಜಂಪಣ್ಣ ಬಂದು ನೋಡಿದಾಗ ತಮ್ಮನಿಗೆ ಮಾತಾಡುವ ಶಕ್ತಿ ಉಳಿದಿರಲಿಲ್ಲ.

*

“ಹೊತ್ತು ಹೋಗ್ತಾ ಐತೆ,” ಎಂದರು ಪಾದ್ರಿಗಳು ಮೆಲ್ಲಗೆ.

ಗಾದ್ರಮ್ಮ ತಿಪ್ಪೇಶಪ್ಪನ ಕಡೆ ತಿರುಗಿದಳು. ಅವನು ಗಿಟಾರನ್ನು ಹೆಗಲಿಗೆ ಹಾಕಿಕೊಂಡು, ಬ್ಯಾಟರಿ ಮತ್ತು ಸ್ಪೀಕರನ್ನು ಕೈಗಾಡಿಯ ಮೇಲಿಟ್ಟು ಕಾಯುತ್ತಿದ್ದ. “ನೀನಾದ್ರೂ ಬಡಿಯಣ್ಣ. ನನ್ನತ್ರ ಅವರು ಕೇಳಿದ್ದು ಅದೊಂದೇ. ‘ನಾನು ಹೋಗೋವಾಗ ಮೀನಿನ ಹೊಟ್ಟೆ ಹಾಡಿರ್ಲಿ, ಬಡಿತ ಸಮೇತ’ ಅಂದಿದ್ರು.”

ತಿಪ್ಪೇಶಪ್ಪನ ಕಣ್ಣು ತುಂಬಿತು. “ಹಾಡು ನುಡಿಸ್ತೀನಿ ತಾಯಿ. ಆ ಬಡಿತ ನಮಗ್ಯಾರಿಗೂ ಬರಾಕಿಲ್ಲ. ಎಷ್ಟು ಸಲ ಕೇಳಿದ್ರೂ ಕೈಗೆ ಹತ್ತಲಿಲ್ಲ. ಕಾಟಪ್ಪಜ್ಜನ ಮಕ್ಕಳಿಗೆ ಮಾತ್ರ ಬರ್ತಿತ್ತು ಅದು.”

ಕಾಟಪ್ಪನ ಮಕ್ಕಳಲ್ಲಿ ಒಬ್ಬ ಪೆಟ್ಟಿಗೆಯೊಳಗಿದ್ದ. ಎಲ್ಲರ ಕಣ್ಣೂ ಇನ್ನೊಬ್ಬರ ಮೇಲೆ ಬಿತ್ತು.

“ನನ್ನನ್ನ ಯಾಕೆ ನೋಡ್ತೀರಿ?” ಜಂಪಣ್ಣನ ದನಿ ಏರಿತು. “ಆ ಏಟಿಗೆ ನಾವು ಪಟ್ಟ ಪಾಡು ನಿಮಗೇನು ಗೊತ್ತು? ನಾಯಿ ಕರೆದಂಗೆ ಕರೀತಿದ್ರು ನಮ್ಮಪ್ಪನ್ನ!”

“ಗೊತ್ತೈತೆ ಭಾವ,” ಎಂದಳು ಗಾದ್ರಮ್ಮ. ಅವಳು ಕೂಗಲಿಲ್ಲ. “ಊರೋರು ಕರೆದು ಬಡಿಸಿದ್ರೆ ಅವಮಾನ, ಒಪ್ಕೊಂತೀನಿ. ನಮ್ಮೋರಿಗೆ ನಾವೇ ಬಡಿದ್ರೆ ಅದ್ಯಾವ ಅವಮಾನ ರೀ? ಊರ ಹೆಣಕ್ಕೆಲ್ಲ ಬಡಿದೋರು ನಮ್ಮ ಮಾವ. ಮಾವ ಹೋದಾಗ ಒಂದು ಏಟು ಬಿತ್ತಾ? ಕಳ್ಳರಂಗೆ ಹೊತ್ಕೊಂಡು ಹೋದ್ವಿ. ನೀವೂ ಹೆಗಲು ಕೊಟ್ಟಿದ್ರಿ.”

ಜಂಪಣ್ಣ ಇನ್ನೂ ಮುಚ್ಚಳ ಹಾಕಿರದ ಪೆಟ್ಟಿಗೆಯತ್ತ ನೋಡಿದರು. ಕಾಮಾಲೆಗೆ ಹಳದಿ ತಿರುಗಿದ ತಮ್ಮನ ಮುಖ ಸಣ್ಣದಾಗಿ, ಹುಡುಗನ ಮುಖದಂತೆ ಕಾಣುತ್ತಿತ್ತು. ಅವರು ಬಾಗಿಲತ್ತ ಸರಿದು ಚೌಕಟ್ಟು ಹಿಡಿದುಕೊಂಡರು. ಹೊರಟೇಹೋಗುತ್ತಾರೆ ಎಂದು ಎಲ್ಲರೂ ತಿಳಿದರು.

ಅವರು ಬೀಗದ ಕೈ ಸಮೇತ ಕೋಟು ಬಿಚ್ಚಿ ಗಿಡ್ಡಮ್ಮನ ಮಡಿಲಿಗೆ ಹಾಕಿದರು. ಜಗಲಿಯ ಮೂಲೆಯಲ್ಲಿದ್ದ ತಮ್ಮನ ಡ್ರಮ್ ಸೆಟ್ಟಿನಿಂದ ಸಣ್ಣ ಡ್ರಮ್ಮೊಂದನ್ನು ಕಳಚಿ, ಟವೆಲಿನಲ್ಲಿ ಕಟ್ಟಿ ಕೊರಳಿಗೆ ನೇತುಹಾಕಿಕೊಂಡರು. ಮೊದಲ ಏಟು ತಪ್ಪಿತು. ಎರಡನೆಯದೂ ತಪ್ಪಿತು. ಸೀಮೆಸುಣ್ಣ ಹಿಡಿದು ಬೆರಳುಗಳು ಮೆತ್ತಗಾಗಿದ್ದವು. ಅವರು ಕಣ್ಣು ಮುಚ್ಚಿ ಮತ್ತೆ ಕೈಯೆತ್ತಿದರು. ಈ ಸಲ ಬಡಿತ ತಾನೇ ದಾರಿ ಹಿಡಿಯಿತು. ಅದರ ಹಿಂದೆಯೇ ತಿಪ್ಪೇಶಪ್ಪನ ಗಿಟಾರು ಕೆನೆಯಿತು.

“ಎತ್ರಿ,” ಎಂದಳು ಗಾದ್ರಮ್ಮ.

ಪೆಟ್ಟಿಗೆ ಬೀದಿಗೆ ಬಂತು. ಹೆಣಕ್ಕೆ ಬೆನ್ನು ತೋರಿಸಿ ಬಡಿಯುವ ಪದ್ಧತಿ ಕಾಟಪ್ಪನ ಮನೆಯಲ್ಲಿರಲಿಲ್ಲ. ಜಂಪಣ್ಣ ಮೇಷ್ಟ್ರು ತಮ್ಮನ ಪೆಟ್ಟಿಗೆಯ ಮೇಲೆ ಕಣ್ಣು ನೆಟ್ಟು, ಬಡಿಯುತ್ತ, ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ ನಡೆದರು. ಬೆನ್ನ ಹಿಂದಿನ ದಾರಿ ಅವರಿಗೆ ಕಾಣುತ್ತಿರಲಿಲ್ಲ. ಗಾದ್ರಮ್ಮ ಅವರ ಅಂಗಿಯ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದು, “ಚರಂಡಿ ಐತೆ ಭಾವ, ಎಡಕ್ಕೆ ಬರ್ರಿ… ಹಾಂ, ಇನ್ನೊಂದೀಟು… ಕಲ್ಲೈತೆ, ನೋಡ್ಕೊಂಡು,” ಎನ್ನುತ್ತ ಮುಂದೆ ಮುಂದೆ ಕರೆದೊಯ್ಯುತ್ತಿದ್ದಳು.